ನಡುವೆ ನಿಲ್ಲದ ಹಾಡುಗಳು

ಅಕ್ಟೋಬರ್ 3, 2024

ಗುಳಿಗೆ ನುಂಗಿದ ಮೇಲೆ ಕಾಲು ಯಾವಾಗ ಸಡಿಲಾಗುತ್ತದೆ, ಯಾವಾಗ ಮತ್ತೆ ಬಿಗಿಯುತ್ತದೆ, ಬರೆದಿಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಅದನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತಿದ್ದೇನೆ. ಇಲ್ಲಿ ಬರೆಯುವುದು ಡಾಕ್ಟರಿಗಲ್ಲ. ಇವರು ಓದಿಯಾರು ಎಂಬ ಭಯವೂ ಇಲ್ಲ. ನನ್ನ ಅಕ್ಷರ ಓದುವ ತಾಳ್ಮೆ ಇವರಿಗೆ ಯಾವತ್ತೂ ಇರಲಿಲ್ಲ.

ಇವತ್ತು ಬಚ್ಚಲಮನೆಯ ಹೊಸ್ತಿಲಲ್ಲಿ ಸಿಕ್ಕಿಬಿದ್ದರು. ಬೀಳಲಿಲ್ಲ, ನಿಂತಲ್ಲೇ ನಿಂತರು. ಪಾದಗಳು ನೆಲಕ್ಕೆ ಅಂಟಿದಂತೆ ಆಗಿ, ಮೇಲಿನ ಮೈ ಮಾತ್ರ ಮುಂದಕ್ಕೆ ವಾಲುತ್ತದೆ. ಪಾರ್ಕಿನ್ಸನ್ ರೋಗದವರಿಗೆ ಹೀಗಾಗುತ್ತದಂತೆ. ನಾನು ಟವೆಲ್ ಹಿಡಿದು ಹಿಂದೆ ನಿಂತಿದ್ದೆ.

"ನಡೀರಿ," ಎಂದೆ.

"ನಡೀಬಾರದಂತ ನಿಂತೇನೇನ?" ಎಂದು ಒದರಿದರು.

ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು ಇವರು. ನಿಜಲಿಂಗಪ್ಪ ಮಾಸ್ತರ ಸೀಟಿ ಊದಿದರೆ ಮೈದಾನದ ತುಂಬ ಹುಡುಗರ ಎಡಗಾಲು ಒಟ್ಟಿಗೆ ಏಳುತ್ತಿತ್ತು ಎಂದು ಈಗಲೂ ಗದಗಿನಲ್ಲಿ ಜನ ನೆನೆಯುತ್ತಾರೆ. ಕೊನೆಗೆ ನಾನೇ ಬಗ್ಗಿ ಕಾಲನ್ನು ಕೈಯಿಂದ ಎತ್ತಿ ಹೊಸ್ತಿಲು ದಾಟಿಸಿದೆ. ಹಾಗೆ ಮಾಡುವಾಗ ತಲೆ ತಗ್ಗಿಸಿಯೇ ಇದ್ದೆ. ಮುಖ ನೋಡಿದರೆ ಸಿಟ್ಟಾಗುತ್ತಾರೆ.

ಅಕ್ಟೋಬರ್ 9

ಫಿಜಿಯೋಥೆರಪಿಯ ಹುಡುಗಿ ಮಾಯಾ ಮನೆಗೆ ಬಂದಿದ್ದಳು. ಫೋನಿನಲ್ಲಿ ಟಿಕ್ ಟಿಕ್ ಎಂಬ ಸದ್ದು ಹಚ್ಚಿ, "ಇದರ ಸಂಗಾಟ ಹೆಜ್ಜಿ ಹಾಕ್ರಿ ಸರ್," ಎಂದಳು. ನೋಡಿದರೆ, ಇವರು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಸರಾಗವಾಗಿ ಹೋದರು! ಕಾಲಿಗೆ ಹೊರಗಿನಿಂದ ಯಾರಾದರೂ ತಾಳ ಹಾಕಿ ಕೊಟ್ಟರೆ ಮೆದುಳು ದಾರಿ ಹುಡುಕಿಕೊಳ್ಳುತ್ತದೆ ಎಂದು ಅವಳು ವಿವರಿಸಿದಳು.

ಸಂಜೆ ನಾನು ಅದೇ ಟಿಕ್ ಟಿಕ್ ಹಚ್ಚಿದೆ. ಫೋನು ಕಸಿದು ದಿವಾನದ ಮೇಲೆ ಒಗೆದರು. "ನಾ ಏನ್ ಗ್ವಾಡಿ ಗಡಿಯಾರ ಏನ? ಬಂದ್ ಮಾಡು."

ಬಂದ್ ಮಾಡಿದೆ.

ಅಕ್ಟೋಬರ್ 12

ವಚನದ ಹಾಡು ಹಚ್ಚಿದೆ. ನಡೆಯುವ ಬದಲು ನಿಂತು ಕೈಮುಗಿದರು. ಹಳೆಯ ಸಿನಿಮಾ ಹಾಡು ಹಚ್ಚಿದೆ. ಚೆನ್ನಾಗಿ ಹೊರಟರು, ನಡುವೆ ಪಿಟೀಲು ಬಂದು ತಬಲಾ ನಿಂತಿತು, ಇವರೂ ತುಳಸಿಕಟ್ಟೆಯ ಹತ್ತಿರ ನಿಂತರು. ಮಾಯಾಗೆ ಫೋನು ಮಾಡಿದೆ.

"ಅಮ್ಮಾ, ಡ್ರಮ್ ಗಟ್ಟಿ ಇರಬೇಕ್ರಿ. ಮೊದಲಿಂದ ಕಡೀತನಕ ಒಂದ ಸಮ ಬಡೀಬೇಕು. ರಾಕ್ ಹಾಡು ಹಚ್ಚಿ ನೋಡ್ರಿ."

"ರಾಕ್ ಅಂದ್ರ ಯಾವ ಹಾಡವಾ?"

"ಗಿಟಾರ್, ಡ್ರಮ್ ಇರತಾವಲ್ರಿ, ಕೂದಲಾ ಬಿಟ್ಕೊಂಡು ಒದರ್ತಾರ, ಅವ."

ಅಂಥ ಹಾಡು ನನಗೆ ಎಲ್ಲಿ ಗೊತ್ತು? ಬೆಟಗೇರಿಯಲ್ಲಿ ಮದುವೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ರಮೀಜ ಎಂಬವನಿದ್ದಾನೆ, ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಾನೆ, ಅವನನ್ನು ಕೇಳಿ ಎಂದಳು.

ಅಕ್ಟೋಬರ್ 14

ನೆರೆಮನೆಯವರನ್ನು ಇವರ ಹತ್ತಿರ ಕೂರಿಸಿ ಆಟೋದಲ್ಲಿ ಬೆಟಗೇರಿಗೆ ಹೋದೆ. ಒಂದು ಮಗ್ಗದ ಮನೆಯ ಪಕ್ಕದಲ್ಲಿ ರಮೀಜನ ಅಂಗಡಿ. ನಲವತ್ತರ ಆಸುಪಾಸಿನ ಗಂಡಸು, ಗಡ್ಡದಲ್ಲಿ ನಾಲ್ಕು ಬಿಳಿ ಕೂದಲು. ವೈರು ಸುತ್ತುತ್ತ ಕೂತಿದ್ದ. ನಾನು ವಿಷಯ ಹೇಳಿದೆ. ಯಾರಿಗೆ ಎಂದು ಕೇಳಿದ. ಹೆಸರು ಹೇಳಿದೊಡನೆ ವೈರು ಸುತ್ತುವ ಕೈ ನಿಂತಿತು.

"ನಿಜಲಿಂಗಪ್ಪ ಸರ್ ಮನಿಯವ್ರಾ?"

"ಹೌದಪಾ. ನೀ ಅವರ ಶಾಲೀಯವನ?"

"ಹೌದ್ರಿ. ಸರ್ಗೆ ನಡ್ಯಾಕ ಬರವಲ್ದು?" ಎಂದ. ಆಮೇಲೆ ಎರಡನೇ ಸಲ ಅದನ್ನೇ ಕೇಳಿದ, ನಂಬಿಕೆ ಬಾರದವನ ಹಾಗೆ. "ಸರ್ಗೆ?"

ಕುಳ್ಳಿರಿಸಿ ಚಹಾ ತರಿಸಿದ. ಹಾಡು ಹಚ್ಚಿ ಹಚ್ಚಿ ಆರಿಸಿದ. ಮೊದಲನೆಯದು ಕೇಳಿದಾಗ ಎದೆಯೊಳಗೆ ಯಾರೋ ಬಾಗಿಲು ಬಡಿದಂತಾಗಿ ಸೆರಗು ಬಿಗಿಹಿಡಿದೆ. "ಹೆದರಬ್ಯಾಡ್ರಿ ಅಮ್ಮಾರ. ಒದರೂದು ಕೇಳಬ್ಯಾಡ್ರಿ, ಬುಡಕ ಡ್ರಮ್ ಕೇಳ್ರಿ. ಡ್ರಮ್ಮಿನವಾ ತಾ ಎಲ್ಲೂ ಹೋಗೂದಿಲ್ಲ. ಅದನ್ನ ನಂಬಿ ಉಳದಾವ್ರು ಬೇಕಾದಂಗ ಹಾರ್ಯಾಡ್ತಾರ." ಅಂಗೈಯಗಲದ ಒಂದು ಸ್ಪೀಕರ್ ಡಬ್ಬಿಯಲ್ಲಿ ಹಾಡು ತುಂಬಿ ಕೊಟ್ಟ. ಹಣ ತೆಗೆದುಕೊಳ್ಳಲಿಲ್ಲ.

ಹಾಡಿನ ಹೆಸರುಗಳು, ಹಾಡಿದವರ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾನೇ ಹೆಸರಿಟ್ಟುಕೊಂಡಿದ್ದೇನೆ. ರೈಲು ಹಾಡು, ಗಿರಣಿ ಹಾಡು, ಜಗಳದ ಹಾಡು.

ಅಕ್ಟೋಬರ್ 15

ರೈಲು ಹಾಡು ಹಚ್ಚಿದೆ. ಗೂಡ್ಸ್ ಗಾಡಿ ಸ್ಟೇಷನ್ ಬಿಡುವಂತೆ ಮೊದಲು ಡ್ರಮ್ ಒಂದೇ ಹೊರಡುತ್ತದೆ, ಆಮೇಲೆ ಗಿಟಾರು ಡಬ್ಬಿಗಳ ಹಾಗೆ ಒಂದೊಂದೇ ಸೇರಿಕೊಳ್ಳುತ್ತದೆ. "ಇದೇನ್ ಹಾಳ ಗದ್ದಲಾ," ಎಂದರು ಇವರು. ಎನ್ನುತ್ತಲೇ ಕಾಲು ಎದ್ದಿತ್ತು. ಬಾಗಿಲು ದಾಟಿದರು. ಮೆಟ್ಟಿಲು ಇಳಿದರು. ಓಣಿಯ ಕೊನೆಯ ಬೇವಿನ ಗಿಡದವರೆಗೆ ಹೋಗಿ ತಿರುಗಿ ಬಂದೆವು.

ಬೇಸಿಗೆಯಿಂದ ಇವರು ಆ ಗಿಡ ಮುಟ್ಟಿರಲಿಲ್ಲ.

ನವೆಂಬರ್ 6

ಈಗ ದಿನಾಲೂ ಬೆಳಿಗ್ಗೆ ಭೀಷ್ಮಕೆರೆಯವರೆಗೆ. ನಾನು ಡಬ್ಬಿ ಹಿಡಿದು ಪಕ್ಕದಲ್ಲಿ. ಮದುವೆಯಾದಾಗಿನಿಂದ ಇವರು ಮುಂದೆ, ನಾನು ಹಿಂದೆ ನಡೆದವರು. ಈಗ ಹಿಂದೆ ನಡೆದರೆ ಇವರಿಗೆ ಡ್ರಮ್ ಸರಿಯಾಗಿ ಕೇಳುವುದಿಲ್ಲ.

ಕೆರೆಯ ದಂಡೆಯಲ್ಲಿ ಜನ ನೋಡುತ್ತಾರೆ. ಜುಬ್ಬಾ ಹಾಕಿದ ಮಾಸ್ತರು, ಇಳಕಲ್ ಸೀರೆಯ ನಾನು, ನಮ್ಮ ನಡುವೆ ಯಾರೋ ಇಂಗ್ಲಿಷಿನವನು ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಇವರು ಗೋಣು ತಗ್ಗಿಸಿ ನಡೆಯುತ್ತಾರೆ.

ಗಿರಣಿ ಹಾಡು ಮೆಟ್ಟಿಲಿಗೆ ಒಳ್ಳೆಯದು, ಹಿಟ್ಟಿನ ಗಿರಣಿಯ ಪಟ್ಟಿ ತಿರುಗಿದಂತೆ ನಿಧಾನ, ಭಾರ. ರೈಲು ಹಾಡು ಬಯಲಿಗೆ. ಜಗಳದ ಹಾಡು ಹೆಣ್ಣುಮಗಳೊಬ್ಬಳದು, ಇವರಿಗೆ ಬಹಳ ಜೋರಾಯಿತು. ಮುಗ್ಗರಿಸಿದರು. ಅದನ್ನು ಅಡುಗೆಮನೆಗೆ ಇಟ್ಟುಕೊಂಡೆ. ರೊಟ್ಟಿ ಬಡಿಯುವಾಗ ಬೇಕಾಗುತ್ತದೆ.

ನವೆಂಬರ್ 8

ಜಗಳದ ಹಾಡಿನಲ್ಲಿ ಆಕೆ ಏನು ಅನ್ನುತ್ತಾಳೆ ಎಂದು ರಮೀಜನನ್ನು ಫೋನಿನಲ್ಲಿ ಕೇಳಿದೆ. ನಕ್ಕ. "'ನನ್ನ ಹಾದಿ ಬಿಡ್ರಿ' ಅಂತಾಳ್ರಿ. ಅದನ್ನ ಹದಿನಾರು ಸಲ ಅಂತಾಳ."

ನವೆಂಬರ್ 21

ಮುಳಗುಂದ ನಾಕಾದಲ್ಲಿ ಇವರ ಮಾನ ಹೋಯಿತಂತೆ. ಹಾಗೆಂದು ಇವರೇ ಹೇಳಿದರು.

ರಮೀಜ ಕೊಟ್ಟ ಹೊಸ ಹಾಡೊಂದನ್ನು ಹಚ್ಚಿಕೊಂಡು ರಸ್ತೆ ದಾಟುತ್ತಿದ್ದೆವು. ಒಳ್ಳೆಯ ಹಾಡು, ಹುರುಪಿನದು. ಆದರೆ ನಡುವೆ ಗಪ್ಪನೆ ಎಲ್ಲವೂ ನಿಂತುಬಿಡುತ್ತದೆ. ಉಸಿರು ಹಿಡಿದಂತೆ. ಇವರೂ ನಟ್ಟನಡುವೆ ನಿಂತರು. ಆಮೇಲೆ ಡ್ರಮ್ ಮತ್ತೆ ಶುರುವಾಯಿತು, ಆದರೆ ಕಾಲು ಶುರುವಾಗಲಿಲ್ಲ. ಎರಡೂ ಕಡೆ ಬಸ್ಸು, ಟಂಟಂ, ಹಾರ್ನು. ಯಾರೋ "ಏ ಅಜ್ಜಾ, ಸರೀ ಆ ಕಡೆ," ಎಂದ. ನನಗೆ ಏನು ತೋಚಿತೋ, ಪಕ್ಕದಲ್ಲೇ ಸಿಕ್ಕಿಕೊಂಡಿದ್ದ ಬಾಳೆಹಣ್ಣಿನ ಗಾಡಿಯ ಹಲಗೆಯನ್ನು ಅಂಗೈಯಿಂದ ದಬದಬ ಬಡಿಯತೊಡಗಿದೆ. "ಎಡ! ಬಲ! ಎಡ! ಬಲ!" ಎಂದು ಕೂಗಿದೆ. ನಾನು ರಸ್ತೆಯಲ್ಲಿ ಕೂಗಿದ್ದು ಇದೇ ಮೊದಲು. ಇವರು ದಾಟಿದರು.

ಮನೆಗೆ ಬಂದು ಕೂತ ಮೇಲೆ, "ನಡುಬೀದ್ಯಾಗ ನನಗ ಡ್ರಿಲ್ ಕಲಸ್ತೀಯೇನ?" ಎಂದರು. ಬಲಗೈ ಎತ್ತಿದರು. ಕೈ ಗಾಳಿಯಲ್ಲೇ ನಡುಗುತ್ತ ಉಳಿಯಿತು. ನಾನು ಹಿಂದೆ ಸರಿಯಲಿಲ್ಲ. ಸರಿಯಬೇಕೆಂದು ನೆನಪಾಗಲಿಲ್ಲ, ಕೈಯಲ್ಲಿ ಕಾಯಿಪಲ್ಲೆಯ ಚೀಲವಿತ್ತು.

ರಮೀಜನಿಗೆ ಹೇಳಿದೆ. "ತಪ್ಪಾತ್ರಿ ಅಮ್ಮಾರ. ಆ ಖಾಲಿ ಜಾಗಾ ನನಗ ಭಾಳ ಸೇರ್ತೈತಿ, ಅದಕ ಹಾಕಿದ್ದೆ. ಸರ್ ನಡ್ಯಾಕ ಅಂತ ಮರ್ತೆ," ಎಂದ. ಇನ್ನು ಮೇಲೆ ಅಂಥ ಜಾಗ ಕತ್ತರಿಸಿ ಕೊಡುತ್ತಾನಂತೆ.

ಡಿಸೆಂಬರ್ 2

ಚಳಿ. ಗುಳಿಗೆಯ ಬಲ ಬೇಗ ಇಳಿಯುತ್ತಿದೆ. ಊಟದ ತುತ್ತು ಬಾಯಿಗೆ ಹೋಗುವ ಮೊದಲೇ ಚೆಲ್ಲುತ್ತದೆ. ಉಣಿಸಲು ಹೋದರೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಡಿಸೆಂಬರ್ 17

ರಮೀಜ ಹೊಸ ಹಾಡು ಹಾಕಲು ಮನೆಗೆ ಬಂದಿದ್ದ. ಇವರು ಒಳಗೆ ಮಲಗಿದ್ದರು. ನಾನು ಎಡಗಡೆಯಿಂದ ಚಹಾ ಹಿಡಿದು, "ತಗೋಪಾ," ಎಂದೆ. ತಿರುಗಲಿಲ್ಲ. ಮತ್ತೆ ಕರೆದೆ. ಹಾಗೇ ಡಬ್ಬಿ ನೋಡುತ್ತ ಕೂತಿದ್ದ. ಭುಜ ಮುಟ್ಟಿದಾಗ ಇಡೀ ಮೈ ತಿರುಗಿಸಿದ.

"ಈ ಕಡೆ ಬರ್ರಿ ಅಮ್ಮಾರ. ಆ ಕಿವಿ ಕೇಳೂದಿಲ್ಲ."

"ಹುಟ್ಟಿದಾಗಿಂದನ?"

"ಅಲ್ರಿ. ಸಾಲ್ಯಾಗ ಎಂಟನೇತ್ತೆ ಇದ್ದಾಗಿಂದ." ಚಹಾ ಒಂದು ಗುಟುಕು ಕುಡಿದ. "ಸರ್ ಹೊಡದ್ರು."

ಹದಿನೈದು ಆಗಸ್ಟಿನ ತಾಲೀಮಂತೆ. ಶಾಲೆಯ ಬ್ಯಾಂಡಿನಲ್ಲಿ ಇವನದು ಸಣ್ಣ ಡ್ರಮ್ಮು. ಹೇಳಿಕೊಟ್ಟದ್ದಕ್ಕಿಂತ ಹೆಚ್ಚಿಗೆ ಒಂದೆರಡು ಪೆಟ್ಟು ಸೇರಿಸಿ ಬಾರಿಸುತ್ತಿದ್ದ. ಬೇಡ ಎಂದರೂ ಕೈ ಕೇಳುತ್ತಿರಲಿಲ್ಲ. ಇವರು ಬಂದು ಒಂದೇ ಒಂದು ಏಟು ಕೊಟ್ಟರಂತೆ. ಕಿವಿಯಿಂದ ರಕ್ತ ಬಂತು. ಮನೆಯಲ್ಲಿ ಸೈಕಲ್ಲಿನಿಂದ ಬಿದ್ದೆ ಎಂದು ಹೇಳಿದನಂತೆ. ಇವರ ಹೆಸರು ಹೇಳಿದರೆ ಶಾಲೆ ಬಿಡಿಸಿ ಮಗ್ಗಕ್ಕೆ ಹಚ್ಚುತ್ತಾರೆ ಎಂಬ ಹೆದರಿಕೆ.

ನಾನು ಕೇಳಿದೆ, "ಹಂಗಾದ್ರ ಇಲ್ಲಿ ಯಾಕ ಬರ್ತೀಪಾ? ಮಾಫ್ ಮಾಡೀಯೇನು?"

ಸುಳ್ಳು ಹೇಳಬಾರದು ಎಂದು ವಿಚಾರ ಮಾಡುತ್ತಿದ್ದ ಎಂದು ನನಗನಿಸಿತು.

"ಇಲ್ರಿ. ಅವರು ನಾ ಕೊಟ್ಟ ತಾಳಕ್ಕ ನಡೀತಾರಲ್ರಿ, ಅದನ್ನ ನೋಡಾಕ ಬರ್ತೀನಿ. ಕೆರೀ ದಂಡಿ ಮ್ಯಾಲೆ ಎರಡು ಮೂರು ಸಲ ದೂರ ನಿಂತು ನೋಡೀನಿ."

"ಆ ನಡಕ ನಿಲ್ಲೂ ಹಾಡು?"

"ಅದು ಖರೇನ ಮರ್ತಿದ್ದೆ," ಎಂದ. "ನೀವು ನಂಬಬೇಕಂತೇನಿಲ್ಲ."

ನಂಬಿದೆ.

ಡಿಸೆಂಬರ್ 18

ಆ ಕೈ ನನಗೂ ಗೊತ್ತು. ಮದುವೆಯಾದ ಹೊಸದರಲ್ಲಿ, ಆಮೇಲೂ. ಶಾಂಭವಿ ಹುಟ್ಟಿದ ಮೇಲೆ ಕಡಿಮೆಯಾಯಿತು. ಬರೆಯಲು ಹೋದರೆ ಬಹಳವಾಗುತ್ತದೆ, ಬಿಡುತ್ತೇನೆ.

ನಾನೊಬ್ಬಳೇ ಎಂದುಕೊಂಡಿದ್ದೆ. ಶಾಲೆಯಲ್ಲಿ ಅಷ್ಟು ಹುಡುಗರಿದ್ದರು ಎಂಬುದು ಇಷ್ಟು ವರ್ಷ ನನ್ನ ತಲೆಗೆ ಹೊಳೆಯಲೇ ಇಲ್ಲ. ಮನೆಗೆ ಬಂದಾಗ ಸಿಟ್ಟಿಲ್ಲದಿದ್ದರೆ ಇವತ್ತು ಒಳ್ಳೆಯ ದಿನ ಎಂದು ದೇವರಿಗೆ ಕೈಮುಗಿಯುತ್ತಿದ್ದೆ. ಆ ದಿನ ಅಲ್ಲಿ ಯಾರ ಪಾಲಿಗೆ ಏನು ಬಿತ್ತೋ.

ಡಿಸೆಂಬರ್ 20

ಕೇಳಿಯೇಬಿಟ್ಟೆ. ಬಿಸಿಲಿಗೆ ಕೂರಿಸಿ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ರಮೀಜಗ ಹೊಡದಿದ್ರೇನು?"

"ಯಾವ ರಮೀಜ?"

"ಹಾಡ ಕೊಡಾವ. ಬ್ಯಾಂಡಿನ್ಯಾಗಿದ್ದನಂತ."

"ಹೊಡದಿರಬೇಕು. ಎಷ್ಟ್ ಮಂದಿಗೆ ಹೊಡದೀನಿ. ಹೊಡದದ್ದಕ್ಕ ಮನಷ್ಯಾ ಆಗ್ಯಾನ."

"ಒಂದ್ ಕಿವಿ ಹೋಗೇತಿ ಅವಂದು."

ಇವರು ಬೇವಿನ ಗಿಡದ ಕಡೆ ನೋಡಿದರು. ಮುಖದ ಸ್ನಾಯುಗಳು ಈಗ ಅಲುಗಾಡುವುದಿಲ್ಲ, ಒಳಗೆ ಏನು ನಡೆಯಿತೋ ತಿಳಿಯುವುದಿಲ್ಲ. ಆಮೇಲೆ, "ಚಾ ಮಾಡು," ಎಂದರು.

ಎಣ್ಣೆ ತಿಕ್ಕುವುದನ್ನು ಮುಗಿಸಿ, ಕೈ ತೊಳೆದು, ಒಣಗಿದ ಬಟ್ಟೆ ತಂದು ಮಡಚಿಟ್ಟು, ಆಮೇಲೆ ಮಾಡಿದೆ.

ಡಿಸೆಂಬರ್ 21

ಡಬ್ಬಿ ಬೇಡ ಎಂದರು. "ಅಂವಾ ಸೇಡ ತೀರಿಸ್ಕೊಳ್ಳಾಕ ಬಂದಾನ. ಅವನ ಡಬ್ಬೀ ನನ್ನ ಮುಂದ ತರಬ್ಯಾಡ." ಹಾಡಿಲ್ಲದೆ ನಡೆಯುತ್ತೇನೆ ಎಂದು ಎದ್ದರು. ಬಾಗಿಲಲ್ಲಿ ಸಿಕ್ಕಿಬಿದ್ದರು. ನಾನು ಎತ್ತಿ ದಾಟಿಸಲಿಲ್ಲ, ಕುರ್ಚಿ ತಂದು ಅಲ್ಲೇ ಕೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ರಾಜಿಯಾಯಿತು. ಅವೇ ಹಾಡುಗಳನ್ನು ನನ್ನ ಫೋನಿನಿಂದ ಹಚ್ಚಿದರೆ ಆದೀತಂತೆ.

ಹಾಡು ಯಾರದೆಂದು ಇಬ್ಬರಿಗೂ ಗೊತ್ತು. ಇರಲಿ.

ಜನವರಿ 7, 2025

ಹುಬ್ಬಳ್ಳಿ ಡಾಕ್ಟರ ಹತ್ತಿರ. ಕಾಯುವ ಹಾಲಿನಲ್ಲಿ ಮುಂಡರಗಿ ಕಡೆಯ ಮಂಜವ್ವ ಎಂಬ ಹೆಣ್ಣುಮಗಳು ಸಿಕ್ಕಳು. ಅವಳ ಗಂಡ ಲಕ್ಷ್ಮಪ್ಪನಿಗೂ ಇದೇ ರೋಗ. ಕೂಲಿ ಮಾಡುತ್ತಿದ್ದ ಮನುಷ್ಯ, ಈಗ ಮನೆಯ ಹೊಸ್ತಿಲಲ್ಲೇ ಕೂಡುತ್ತಾನೆ. "ಕಾಲ ಕಟ್ಟಿಸ್ಯಾರಂತ ದೇವರ ಕೇಳಿಸಿದ್ವಿ ಯಕ್ಕಾ," ಎಂದಳು. ಯಾರೋ ಮಾಟ ಮಾಡಿ ಕಾಲು ಕಟ್ಟಿದ್ದಾರೆ ಎಂದು ಅವಳ ನಂಬಿಕೆ.

"ಯಾರೂ ಕಟ್ಟಿಲ್ಲ. ಹಾಡ ಹಚ್ಚು," ಎಂದೆ. ಡಬ್ಬಿ ನನ್ನ ಚೀಲದಲ್ಲೇ ಇತ್ತು. ತೆಗೆದು ಹಚ್ಚಿದೆ. ಹಾಲಿನ ತುಂಬ ಡ್ರಮ್ಮು. ನರ್ಸು ಓಡಿ ಬಂದಳು. ಅಷ್ಟರಲ್ಲಿ ಲಕ್ಷ್ಮಪ್ಪ ಎದ್ದು ನೀರಿನ ಟಾಕಿಯವರೆಗೆ ಹೋಗಿದ್ದ. ಹೋದವನು ಅಲ್ಲಿ ನಿಂತು ತನ್ನ ಕಾಲುಗಳನ್ನೇ ನೋಡುತ್ತಿದ್ದ.

ಮಂಜವ್ವನಿಗೆ ಎಲ್ಲ ಹೇಳಿಕೊಟ್ಟೆ. "ಇದು ರೈಲು ಹಾಡು, ಬಯಲಾಗ ಹಚ್ಚು. ಇದು ಗಿರಣಿ ಹಾಡು, ದಿನ್ನಿ ಏರೂ ಮುಂದ. ಈ ಕೆಂಪು ಗುಂಡೀ ಒತ್ತಿದ ಮ್ಯಾಲೆ ಬರೂದು ಜಗಳದ ಹಾಡು, ಅದು ಕಾಲಿಗಲ್ಲ, ನಿನಗ. ಒಬ್ಬಾಕೀನ ಇದ್ದಾಗ ಕೇಳು." ಡಬ್ಬಿಯನ್ನು ಅವಳ ಕೈಗೇ ಕೊಟ್ಟು ಬಂದೆ. ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿಲ್ಲವಲ್ಲ.

ಬಸ್ಸಿನಲ್ಲಿ ಇವರು, "ಭಾಳ ಶಾಣ್ಯಾಕಿ ಆಗೀದಿ," ಎಂದರು. ಅಣ್ಣಿಗೇರಿ ಬಂದಿತ್ತು, ನಾನು ಕಿಟಕಿಯ ಹೊರಗೆ ಕಡಲೆ ಹೊಲ ನೋಡುತ್ತಿದ್ದೆ.

ಜನವರಿ 23

ಬಿದ್ದರು. ಸೊಂಟದ ಕೀಲು ಮುರಿದಿದೆ.

ಜನವರಿ 26

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಯಾವುದೋ ಶಾಲೆಯ ಮೆರವಣಿಗೆ ಹೋಯಿತು, ಬ್ಯಾಂಡಿನ ಸದ್ದು ಬಂತು. ಇವರು ಕಣ್ಣು ತೆರೆಯಲಿಲ್ಲ.

ಕೆರೆಯಿಂದ ವಾಪಸ್ಸು ಬರುವಾಗ ರಸ್ತೆ ದಾಟುತ್ತಿದ್ದೆವು. ಫೋನಿನಲ್ಲಿ ರೈಲು ಹಾಡು. ಒಳ್ಳೆಯ ನಡಿಗೆ ಇತ್ತು ಆ ದಿನ. ಅರ್ಧ ರಸ್ತೆಗೆ ಬಂದಾಗ ಹಾಡು ನಿಂತು ಫೋನಿನ ರಿಂಗಿನ ಕೊಳಲು ಕೇಳತೊಡಗಿತು. ಲಕ್ಷ್ಮೇಶ್ವರದಿಂದ ಮಗಳು ಶಾಂಭವಿ. ಕಟ್ ಮಾಡಿದೆ. ಹಾಡು ತಿರುಗಿ ಬರಲಿಲ್ಲ. ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್ ಬರುತ್ತಿತ್ತು. ಡ್ರೈವರ್ ದೂರದಿಂದಲೇ ನಿಲ್ಲಿಸಿದ, ಪಾಪ. ಆದರೆ ಇವರು ಅದನ್ನು ಕಂಡು ತಿರುಗಲು ನೋಡಿದರು. ಮೈ ತಿರುಗಿತು, ಪಾದ ತಿರುಗಲಿಲ್ಲ. ನಾನು ಎಡ ಬಲ ಎಂದು ಬಾಯಿ ತೆರೆಯುವಷ್ಟರಲ್ಲಿ ಕೆಳಗಿದ್ದರು.

ಶಾಂಭವಿ ಬಂದಿದ್ದಾಳೆ. "ಹೆಂಗ ಬಿದ್ರವಾ?" ಎಂದು ಕೇಳಿದಳು. "ಕಾಲು ತಪ್ಪಿತು," ಎಂದೆ. ಅವಳ ಫೋನಿನಿಂದ ಎಂದು ಅವಳಿಗೆ ಯಾವತ್ತೂ ಗೊತ್ತಾಗಬಾರದು. ಡಬ್ಬಿಗೆ ಫೋನು ಬರುತ್ತಿರಲಿಲ್ಲ. ಅದು ಮುಂಡರಗಿಯಲ್ಲಿದೆ.

ಡಬ್ಬಿ ಬೇಡ ಎಂದದ್ದು ಯಾರು, ಕೊಟ್ಟು ಬಂದದ್ದು ಯಾರು ಎಂದು ಬಹಳ ವಿಚಾರ ಮಾಡಿದೆ. ಸಾಕು.

ಫೆಬ್ರವರಿ 4

ಆಪರೇಷನ್ ಆಯಿತು. ಎಲುಬು ಕೂಡಬಹುದು, ನಡೆಯುವುದು ಕಷ್ಟ ಎಂದರು ಡಾಕ್ಟರು. ಮಾಯಾ ಬಂದು ಕಾಲು ಎತ್ತಿಸಿ ನೋಡಿದಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು ನಿಂತಳು. ಅರ್ಥವಾಯಿತು.

ಫೆಬ್ರವರಿ 11

ಮನೆ. ಪಡಸಾಲೆಯಲ್ಲಿ ಕಬ್ಬಿಣದ ಮಂಚ. ಮಗ್ಗಲು ಬದಲಿಸುವುದು, ಒರೆಸುವುದು, ಗಂಜಿ, ಮತ್ತೆ ಮಗ್ಗಲು. ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ. ಶಾಂಭವಿ ವಾರ ಇದ್ದು ಹೋದಳು. ಅವಳು ಅಪ್ಪನನ್ನು ಮುಟ್ಟುವಾಗ ಕೈ ಹಿಂಜರಿಯುವುದನ್ನು ಕಂಡೆ. ಅವಳಿಗೂ ಎಂದಾದರೂ ಹೊಡೆದಿದ್ದರೇ? ನನ್ನ ಕಣ್ಣೆದುರಿಗೆ ಇಲ್ಲ. ಕೇಳಲಿಲ್ಲ. ಕೇಳಬೇಕು.

ಫೆಬ್ರವರಿ 12

ಗಂಜಿ. ಮಗ್ಗಲು. ಗಂಜಿ.

ಫೆಬ್ರವರಿ 24

ಮಂಜವ್ವನ ಫೋನು. ಲಕ್ಷ್ಮಪ್ಪ ಈಗ, ತಾನು ಮೊದಲು ಕುಂಟೆ ಹೊಡೆಯುತ್ತಿದ್ದ ಹೊಲದವರೆಗೆ ಹೋಗಿ ಕೂತು ಬರುತ್ತಾನಂತೆ. ಓಣಿಯ ಹುಡುಗರೆಲ್ಲ ರೈಲು ಹಾಡಿಗೆ ಅವನ ಹಿಂದೆ ಹೆಜ್ಜೆ ಹಾಕುತ್ತಾರಂತೆ. "ಯಕ್ಕಾ, ಆ ಕೆಂಪು ಗುಂಡೀ ಹಾಡು, ನನಗಂತ ಅಂದಿದ್ಯಲ್ಲಾ, ಅದನ್ನ ಕೇಳಿದೆ. ಏನನ್ನೂದು ತಿಳೀಲಿಲ್ಲ. ಅಳು ಬಂತು," ಎಂದಳು. ನನಗೂ ಮೊದಲು ಹಾಗೇ ಆಗಿತ್ತು ಎಂದೆ. ಇವರು ಹೇಗಿದ್ದಾರೆ ಎಂದು ಕೇಳಿದಳು. ಅರಾಮ ಎಂದೆ.

ಮಾರ್ಚ್ 2

ರಮೀಜ ನೋಡಲು ಬಂದಿದ್ದ. ಬಿದ್ದ ಸುದ್ದಿ ಅವನಿಗೆ ತಡವಾಗಿ ತಿಳಿಯಿತಂತೆ. ಮೋಸಂಬಿ ತಂದಿದ್ದ. ಮಂಚದ ಪಕ್ಕ ಕುರ್ಚಿ ಹಾಕಿದೆ. ಇವರು ಅವನನ್ನು ನೋಡಿದರು. ಅವನು ಇವರನ್ನು ನೋಡಿದ.

ನಾನು ಹಣ್ಣು ಸುಲಿಯುತ್ತ, ಈಗ ಯಾವ ಹಾಡು ಕೇಳಬೇಕು ಹೇಳಪಾ, ನಡೆಯುವ ಕೆಲಸ ಮುಗಿಯಿತಲ್ಲ ಎಂದೆ. ಅವನ ಮುಖ ಅರಳಿತು. "ಹಂಗಾದ್ರ ಇನ್ನ ಖಾಲಿ ಜಾಗಾ ಇದ್ದ ಹಾಡ ಕೇಳಬಹುದ್ರಿ! ಒಂದೈತಿ ನೋಡ್ರಿ, ಶುರೂ ಆಗೂದನ ಹಿಂಗ," ಎಂದು ಮಂಚದ ಕಂಬಿಯ ಮೇಲೆ ಎರಡು ಬೆರಳಿನಿಂದ ಬಾರಿಸಿದ. ಮೆಲ್ಲಗೆ ಶುರುವಾಯಿತು, ಒಂದರ ಬೆನ್ನಿಗೆ ಒಂದು ಸೇರಿಕೊಂಡಿತು. ಕಬ್ಬಿಣ ಸಣ್ಣಗೆ ಹಾಡಿತು.

"ಬಂದ್ ಮಾಡು."

ಇವರ ದನಿ. ಈಗ ಪಿಸುಮಾತಿನಷ್ಟೇ ಉಳಿದಿದೆ, ಆದರೂ ಅದೇ ದನಿ.

ರಮೀಜ ತಟ್ಟನೆ ಎದ್ದು ನಿಂತ. ಎರಡೂ ಕೈ ಬೆನ್ನ ಹಿಂದೆ ಹೋದವು. ಗೋಣು ಕೆಳಗಾಯಿತು. ಎರಡು ಮಕ್ಕಳ ತಂದೆ, ನಲವತ್ತು ದಾಟಿದ ಗಂಡಸು. ತಾನು ಹೀಗೆ ನಿಂತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾದಾಗ ಅವನ ಮುಖ ನೋಡಲಾಗಲಿಲ್ಲ.

ಕೈಯಲ್ಲಿದ್ದ ಮೋಸಂಬಿಯನ್ನು ತಟ್ಟೆಯಲ್ಲಿಟ್ಟೆ.

"ಕುಂಡ್ರಪಾ ರಮೀಜ. ಬಾರಸು."

"ಇರಲ್ರಿ ಅಮ್ಮಾರ..."

"ನಾ ಕೇಳಾಕತ್ತೇನಿ. ಬಾರಸು. ಪೂರಾ ಬಾರಸು."

ಇವರು ನನ್ನ ಕಡೆ ನೋಡಿದರು. ನಾನು ರಮೀಜನ ಕೈಯನ್ನೇ ನೋಡುತ್ತಿದ್ದೆ. ಅವನು ಕೂತ. ಮೊದಲು ತಾಳ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದ. ಕೊನೆಯವರೆಗೆ ಬಾರಿಸಿದ. ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ, ಕೈ ಖಾಲಿ ಇರಲಿಲ್ಲ.

ಹೋಗುವಾಗ ಬಾಗಿಲಲ್ಲಿ, "ಇನ್ ಬರೂದಿಲ್ರಿ," ಎಂದ. ಚಪ್ಪಲಿ ಮೆಟ್ಟಿಕೊಂಡು, "ಹಾಡ ಕಳಸ್ತೀನಿ," ಎಂದ.

ಮಾರ್ಚ್ 3

ನಿನ್ನೆಯಿಂದ ಇವರು ಮಾತಾಡಿಲ್ಲ. ಗಂಜಿ ಕುಡಿದರು.

ಮಾರ್ಚ್ 14

ಹಾಡುಗಳು ಬರುತ್ತಿವೆ. ಒಂದರಲ್ಲಿ ಗಿಟಾರು ಅಳುತ್ತ ಅಳುತ್ತ ಸಿಟ್ಟಿಗೇಳುತ್ತದೆ. ಇನ್ನೊಂದು ಮೂರು ಹೆಣ್ಣುಮಕ್ಕಳದು, ಒಬ್ಬಳೂ ತಾಳ ಬಿಡುವುದಿಲ್ಲ. ಶಾಂಭವಿಗೆ ಇದನ್ನೇ ಕಳಿಸಿದೆ, ಅಡುಗೆ ಮಾಡುವಾಗ ಜೋರಾಗಿ ಹಚ್ಚಿಕೊಂಡು ಕೇಳು ಎಂದು ಬರೆದೆ. "ಅವ್ವಾ, ಯಾರು ನೀನು?" ಎಂದು ಉತ್ತರ ಬಂತು. ಈ ಹುಡುಗಿ ಯಾಕೆ ಹೀಗೆ ಕೇಳುತ್ತಾಳೋ.

ಕಿವಿಗೆ ಹಾಕಿಕೊಳ್ಳುವುದನ್ನು ತರಿಸಿಕೊಂಡೆ. ನೆರೆಮನೆಯವರು ಇವರ ಹತ್ತಿರ ಕೂತಾಗ ಬೆಳಿಗ್ಗೆ ಕೆರೆಯವರೆಗೆ ಒಬ್ಬಳೇ ಹೋಗಿ ಬರುತ್ತೇನೆ.

ಮಾರ್ಚ್ 27

ಬೆನ್ನಿನ ಹುಣ್ಣು ಇಳಿದಿಲ್ಲ. ಜ್ವರವೂ ಇದೆ. ಮನೆಗೆ ಬಂದ ಡಾಕ್ಟರು ಎದೆ ಕೇಳಿ ನೋಡಿ, ಕಫ ಕಟ್ಟಿದೆ, ಈ ಬೇಸಿಗೆ ದಾಟಿಸೋಣ ಎಂದರು. ದಾಟುತ್ತಾರೆ ಎನ್ನಲಿಲ್ಲ.

ಮಧ್ಯಾಹ್ನ ಇವರ ಮಂಚದ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಕಿವಿಯಲ್ಲಿ ರಮೀಜ ಬೆಳಿಗ್ಗೆ ಕಳಿಸಿದ ಹೊಸ ಹಾಡು. ಇವರ ತುಟಿ ಅಲುಗಿದ್ದು ಕಂಡಿತು. ಒಂದು ಕಿವಿಯದನ್ನು ತೆಗೆದು ಬಗ್ಗಿದೆ.

"ಏನ್ರಿ?"

"ಹಾಡ... ನನಗೂ ಹಚ್ಚು."

ಇವರು ತಾವಾಗಿ ಹಾಡು ಕೇಳಿದ್ದು ಇದೇ ಮೊದಲು. ಯಾವುದು ಬೇಕೆಂದು ಕೇಳಿದೆ. ಯಾವುದಾದರೂ ಆದೀತು ಎನ್ನುವಂತೆ ಕಣ್ಣು ಮುಚ್ಚಿ ತೆರೆದರು.

"ತಡೀರಿ," ಎಂದೆ. "ಇದು ಮುಗೀಲಿ. ಆಮೇಲೆ ಹಚ್ತೇನಿ."

ಹಾಡು ದೊಡ್ಡದಿತ್ತು. ಇವರು ಕಾದರು.